ಎನ್‌ವಿಡಿಎ ಇಂಗ್ಲಿಷ್ ಓದುತ್ತೆ, ಕನ್ನಡ ಬಂದ ಕೂಡಲೇ ಮೌನ. ಎಂತ ಮಾಡೋದು?

ಗೊರಬಲು (ಹೊಸನಗರ ಕಡೆ)

ಎಲ್ಲರಿಗೂ ನಮಸ್ಕಾರ. ನನಗೆ ಕಣ್ಣು ಪೂರ್ತಿ ಹೋಗಿ ಒಂಬತ್ತು ವರ್ಷ ಆಯ್ತು. ಊರಿನ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ, ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ. ಮೊಬೈಲಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಇದೆ, ಅದರಲ್ಲಿ ಗೂಗಲ್‌ನ ಕನ್ನಡ ದನಿ ಚೆನ್ನಾಗಿ ಓದುತ್ತೆ, ಅದರ ಬಗ್ಗೆ ತಕರಾರಿಲ್ಲ.

ತೊಂದರೆ ಲ್ಯಾಪ್‌ಟಾಪಿನದ್ದು. ಹಳೆಯದು ಈ ಮಳೆಗಾಲದಲ್ಲಿ ಸತ್ತುಹೋಯ್ತು. ಹೊಸದು ತಗೊಂಡೆ, ವಿಂಡೋಸ್ 11. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೊಟ್ಟು ಎನ್‌ವಿಡಿಎ, ಅಂದರೆ ಪರದೆ ಮೇಲಿದ್ದದ್ದನ್ನು ಓದಿ ಹೇಳುವ ತಂತ್ರಾಂಶ (ಸ್ಕ್ರೀನ್ ರೀಡರ್), ಹಾಕಿಸಿದೆ. ಅಲ್ಲಿದ್ದ ಹುಡುಗ ಅದರ ದನಿ ಕೇಳಿ, ಇದೆಂತ ಸರ್, ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ ಅಂತ ನಕ್ಕು, ಏನೋ ಒತ್ತಿ ಒಂದು ಹೆಂಗಸಿನ ದನಿ ಇಟ್ಟುಕೊಟ್ಟ. ಅಂಗಡಿಯಲ್ಲಿ ಇಂಗ್ಲಿಷ್ ಓದಿಸಿ ನೋಡಿದೆವು. ಚಂದ ಇತ್ತು. ನಾನೂ ಖುಷಿಯಲ್ಲೇ ಬಸ್ಸು ಹತ್ತಿದೆ.

ಮನೆಗೆ ಬಂದು ಅಡಿಕೆ ಧಾರಣೆ ಪುಟ ತೆರೆದರೆ ತಾರೀಕು ಓದುತ್ತೆ, ಅಂಕಿ ಓದುತ್ತೆ, ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳ ಹೆಸರು ಕನ್ನಡದಲ್ಲಿ ಇರುವ ಜಾಗಕ್ಕೆ ಬಂದರೆ ಏನೂ ಇಲ್ಲ, ಒಂದು ಕ್ಷಣ ಸುಮ್ಮನಿದ್ದು ಮುಂದಿನ ಅಂಕಿಗೆ ಹೋಗುತ್ತೆ. ಅಂದರೆ ಬೆಲೆ ಕೇಳುತ್ತೆ, ಯಾವುದರ ಬೆಲೆ ಅಂತ ಕೇಳುವುದಿಲ್ಲ! ಗೊರಬಲಿನ ಬೆಲೆಯನ್ನು ಸರಕಿನದ್ದು ಅಂದುಕೊಂಡು ಅರ್ಧ ಗಂಟೆ ತಲೆ ಕೆಡಿಸಿಕೊಂಡೆ.

ಆಮೇಲೆ ನಾನೇ ಸರಿ ಮಾಡುತ್ತೇನೆ ಅಂತ ಸೆಟ್ಟಿಂಗ್ ಒಳಗೆ ಕೈ ಹಾಕಿದೆ. ಯಾವುದೋ ಪಟ್ಟಿಯಲ್ಲಿ ಕೆಳಗಿನ ಬಾಣ ಒತ್ತಿ ಓಕೆ ಕೊಟ್ಟೆ. ಅಷ್ಟೇ, ಮಾತೇ ನಿಂತುಹೋಯ್ತು. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಮನೆಯಲ್ಲಿ ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಪಕ್ಕದ ಮನೆ ಹುಡುಗ ಕಾಲೇಜು ಮುಗಿಸಿ ಸಂಜೆ ಬಸ್ಸಿಗೆ ಬರುವವರೆಗೆ ಲ್ಯಾಪ್‌ಟಾಪಿನ ಎದುರು ಸುಮ್ನೆ ಕೂತಿದ್ದೆ. ಅವನು ನೋಡಿ, ಶಬ್ದ ಯಾವುದೋ ಎಚ್‌ಡಿಎಂಐಗೆ, ಟಿವಿ ಜೋಡಿಸುವ ದಾರಿಗೆ, ಹೋಗಿದೆ ಮಾವ ಅಂದ, ವಾಪಸ್ ತಂದುಕೊಟ್ಟ. ಈಗ ಮತ್ತೆ ಮುಟ್ಟಲು ಹೆದರಿಕೆ.

ಮೊಬೈಲಿನ ಆ ಕನ್ನಡ ದನಿಯನ್ನು ಲ್ಯಾಪ್‌ಟಾಪಿಗೆ ತರಲು ಬರುತ್ತಾ? ಬರದಿದ್ದರೆ ಕನ್ನಡ ಓದಿಸಲು ಬೇರೆ ದಾರಿ ಎಂತದು? ಹಂತ ಹಂತವಾಗಿ ಕೀಲಿ ಹೆಸರು ಹೇಳಿ ಬರೆಯಿರಿ, ಮೌಸ್ ಎಳೆಯಿರಿ ಅಂತ ಬರೆಯಬೇಡಿ, ಕೈ ಮುಗಿಯುತ್ತೇನೆ.

ಸಾಗರದಕ್ಕ

ನಮಸ್ಕಾರ. ನಿಮ್ಮ ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ, ಮೊದಲು ಹೆದರಿಕೆ ಬಿಡಿ.

ಎನ್‌ವಿಡಿಎ ಪರದೆ ನೋಡಿ ಏನಿದೆ ಅಂತ ತಿಳಿದುಕೊಳ್ಳುತ್ತೆ, ಆದರೆ ಅದಕ್ಕೆ ಸ್ವಂತ ಬಾಯಿಲ್ಲ. ಬಾಯಿ ಅಂದರೆ ಸಿಂಥಸೈಜರ್. ಎನ್‌ವಿಡಿಎ ಜೊತೆಗೇ ಬರುವ ಬಾಯಿ ಇ-ಸ್ಪೀಕ್ ಎನ್‌ಜಿ, ಅದೇ ನಿಮ್ಮ ತಗಡಿನ ಡಬ್ಬ. ಅಂಗಡಿ ಹುಡುಗ ಅದನ್ನು ತೆಗೆದು ವಿಂಡೋಸ್ ಒನ್‌ಕೋರ್, ಅಂದರೆ ವಿಂಡೋಸ್ ಜೊತೆ ಬರುವ ಬಾಯಿ, ಇಟ್ಟಿದ್ದಾನೆ. ಆ ಹೆಂಗಸು ಬಹುಶಃ ಹೀರಾ, ಭಾರತದ ಇಂಗ್ಲಿಷ್ ಓದುವವಳು. ಅವಳಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೂ ಹೇಳುವುದಿಲ್ಲ, ನುಂಗಿ ಮುಂದೆ ಹೋಗುತ್ತಾಳೆ. ನನ್ನ ಲ್ಯಾಪ್‌ಟಾಪಿನ ಒನ್‌ಕೋರ್ ಪಟ್ಟಿಯಲ್ಲಿ ಹಿಂದಿಗೆ ಹೇಮಂತ್, ಕಲ್ಪನಾ ಇದ್ದಾರೆ, ತಮಿಳಿಗೆ ವಳ್ಳುವರ್ ಇದ್ದಾನೆ, ಕನ್ನಡಕ್ಕೆ ಯಾರೂ ಇಲ್ಲ.

ಈಗ ಮಾಡುವುದು ಇಷ್ಟು. ಇನ್ಸರ್ಟ್ ಹಿಡಿದುಕೊಂಡು ಕಂಟ್ರೋಲ್ ಮತ್ತು ಎಸ್ ಒತ್ತಿ. ಲ್ಯಾಪ್‌ಟಾಪಿನಲ್ಲಿ ಇನ್ಸರ್ಟ್ ಎಲ್ಲೋ ಮೂಲೆಯಲ್ಲಿ ಇರುತ್ತೆ, ಸಿಗದಿದ್ದರೆ, ಹಾಕಿಸುವಾಗ ಕ್ಯಾಪ್ಸ್ ಲಾಕನ್ನೂ ಎನ್‌ವಿಡಿಎಯ ಕೀಲಿ ಅಂತ ಗೊತ್ತು ಮಾಡಿದ್ದರೆ, ಅದನ್ನೇ ಬಳಸಿ. ಸಿಂಥಸೈಜರ್ ಪಟ್ಟಿ ತೆರೆದುಕೊಳ್ಳುತ್ತೆ. ಬಾಣದಲ್ಲಿ ಇ-ಸ್ಪೀಕ್ ಎನ್‌ಜಿಗೆ ಹೋಗಿ ಎಂಟರ್. ತಕ್ಷಣ ದನಿ ಬದಲಾಗುತ್ತೆ, ಗಾಬರಿ ಆಗಬೇಡಿ.

ಆಮೇಲೆ ಇನ್ಸರ್ಟ್, ಕಂಟ್ರೋಲ್, ವಿ. ಇದು ದನಿಯ ಸೆಟ್ಟಿಂಗ್. ಟ್ಯಾಬ್ ಒತ್ತುತ್ತಾ ಹೋದರೆ ವಾಯ್ಸ್ ಅನ್ನುವ ಪಟ್ಟಿ ಸಿಗುತ್ತೆ. ಅಲ್ಲಿ ಕೆ ಒತ್ತುತ್ತಾ ಹೋದರೆ ಕನ್ನಡ ಬರುತ್ತೆ. ಅದರ ಮುಂದಿನದ್ದು ವೇರಿಯಂಟ್, ಅಂದರೆ ಅದೇ ದನಿಯ ಬೇರೆ ಬೇರೆ ಧಾಟಿ. ಮಾಮೂಲಿಯಾಗಿ ಮ್ಯಾಕ್ಸ್ ಇರುತ್ತೆ. ಹತ್ತಾರು ಇವೆ, ಒಂದೊಂದರಲ್ಲೂ ಎರಡು ಸಾಲು ಓದಿಸಿ ನೋಡಿ, ನಿಮ್ಮ ಕಿವಿಗೆ ಒಗ್ಗುವುದನ್ನು ಇಟ್ಟುಕೊಳ್ಳಿ. ವೇಗ ಅಂದರೆ ರೇಟ್ ಮೊದಲು 30ರ ಸುತ್ತಮುತ್ತ ಇರಲಿ, ಹೊಸ ದನಿಗೆ ಕಿವಿ ಹೊಂದಲು ಒಂದು ವಾರ ಬೇಕೇ ಬೇಕು.

ಅಲ್ಲೇ ಕೆಳಗೆ ಆಟೋಮ್ಯಾಟಿಕ್ ಲ್ಯಾಂಗ್ವೇಜ್ ಸ್ವಿಚಿಂಗ್ ಅಂತ ಒಂದು ಟಿಕ್ ಇದೆ. ಅದನ್ನು ತೆಗೆದುಬಿಡಿ. ಹೆಸರು ಕೇಳಿದರೆ ಒಳ್ಳೆಯದು ಅನಿಸುತ್ತೆ ಅಲ್ವಾ? ಅದು ಅಕ್ಷರ ನೋಡಿ ಭಾಷೆ ಗುರುತಿಸುವುದಿಲ್ಲ, ಪುಟ ಮಾಡಿದವರು ಒಳಗೆ ಹಾಕಿದ ಗುರುತು ನೋಡುತ್ತೆ. ನಮ್ಮ ಕನ್ನಡದ ಎಷ್ಟೋ ಪುಟಗಳಿಗೆ ಇದು ಇಂಗ್ಲಿಷ್ ಅಂತಲೇ ಗುರುತು ಬಿದ್ದಿರುತ್ತೆ. ಆ ಟಿಕ್ ಇದ್ದರೆ ಎನ್‌ವಿಡಿಎ ಆ ಗುರುತನ್ನು ನಂಬಿ ಕನ್ನಡ ಸಾಲನ್ನು ಇಂಗ್ಲಿಷ್ ದನಿಗೆ ಕೊಟ್ಟುಬಿಡುತ್ತೆ. ತೆಗೆದರೂ ನಷ್ಟವಿಲ್ಲ, ಇ-ಸ್ಪೀಕ್ ಕನ್ನಡ ದನಿಯಲ್ಲಿ ಇದ್ದಾಗಲೂ ನಡುವೆ ಬರುವ ಇಂಗ್ಲಿಷ್ ಪದವನ್ನು ಓದುತ್ತೆ.

ಎಲ್ಲ ಸರಿ ಅನಿಸಿದ ಮೇಲೆ ಓಕೆ, ನಂತರ ಇನ್ಸರ್ಟ್, ಕಂಟ್ರೋಲ್, ಸಿ. ಉಳಿಸುವುದಕ್ಕೆ. ಇದು ಮರೆಯಬೇಡಿ, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಮಾತೇ ನಿಂತುಹೋದರೆ: ಮೊದಲು ಇನ್ಸರ್ಟ್ ಹಿಡಿದುಕೊಂಡು ಎಸ್ ಅನ್ನು ಒಂದೊಂದು ಸಲ ಒತ್ತಿ, ಮಾತು ಬರುತ್ತಾ ನೋಡಿ. ಕೈ ತಪ್ಪಿ ಅದು ಒತ್ತಿಹೋಗಿ ಮಾತು ಆಫ್ ಆಗಿರುವುದೇ ಜಾಸ್ತಿ, ಬರೀ ಬೀಪ್ ಬಂದರೂ ಅದೇ ಕಾರಣ. ಅದಲ್ಲ ಅಂದರೆ ಇನ್ಸರ್ಟ್, ಕಂಟ್ರೋಲ್, ಆರ್. ಕೊನೆಯ ಸಲ ಉಳಿಸಿದ ಸ್ಥಿತಿಗೆ ವಾಪಸ್ ಬರುತ್ತೆ. ಅದಕ್ಕೇ ಉಳಿಸಿ ಅಂದದ್ದು. ಆರ್ ಅನ್ನು ಬೇಗ ಬೇಗ ಮೂರು ಸಲ ಒತ್ತಿದರೆ ಎಲ್ಲವೂ ಹೊಸದಾಗಿ ಹಾಕಿದಾಗಿನ ಹಾಗೆ ಆಗುತ್ತೆ, ಅದು ಕೊನೆಯ ಅಸ್ತ್ರ. ಗಾಬರಿಯಲ್ಲಿ ಲ್ಯಾಪ್‌ಟಾಪ್ ಬಂದ್ ಮಾಡಿ ಆನ್ ಮಾಡುವುದು ಬೇಡ. ಯಾಕೆಂದರೆ ಎನ್‌ವಿಡಿಎ ಮುಚ್ಚುವಾಗ ತಾನೇ ಸೆಟ್ಟಿಂಗ್ ಉಳಿಸಿಕೊಳ್ಳುತ್ತೆ, ಕೆಟ್ಟದ್ದೂ ಉಳಿದುಬಿಡುತ್ತೆ. ಜನರಲ್ ಸೆಟ್ಟಿಂಗಿನಲ್ಲಿ ಆ ಟಿಕ್ ಒಂದು ಇದೆ, ನಾನು ಯಾವ ಹೊಸ ಲ್ಯಾಪ್‌ಟಾಪ್ ಕೈಗೆ ಬಂದರೂ ಮೊದಲು ತೆಗೆಯುವುದು ಅದನ್ನೇ.

ಇನ್ನೊಂದು. ವಿಂಡೋಸ್ ಕೀಲಿ, ಕಂಟ್ರೋಲ್, ಎಂಟರ್ ಒಟ್ಟಿಗೆ ಒತ್ತಿದರೆ ವಿಂಡೋಸ್‌ನದ್ದೇ ನರೇಟರ್ ಮಾತಾಡುತ್ತೆ. ಎನ್‌ವಿಡಿಎಯ ಶಬ್ದ ಎಚ್‌ಡಿಎಂಐಗೆ ಹೋಗಿದ್ದರೂ ನರೇಟರ್ ವಿಂಡೋಸ್‌ನ ಮಾಮೂಲಿ ಸ್ಪೀಕರಿನಲ್ಲೇ ಮಾತಾಡುತ್ತೆ. ಅದರ ಸಹಾಯದಿಂದ ನೀವೇ ಸರಿ ಮಾಡಬಹುದು. ಸಂಜೆ ಬಸ್ಸಿಗೆ ಕಾಯುವುದು ಬೇಡ.

ತುಂಗೆ ದಂಡೆ (ತೀರ್ಥಹಳ್ಳಿ)

ಅಕ್ಕ ಹೇಳಿದ ಹಂತ ಎಲ್ಲ ಸರಿ, ಆದರೆ ಹೊಸಬರಿಗೆ ಇ-ಸ್ಪೀಕ್ ಹೇಳುವುದಕ್ಕೆ ನನ್ನ ವಿರೋಧ ಇದೆ. ಅದರ ಕನ್ನಡ ಕನ್ನಡವೇ ಅಲ್ಲ ಮಾರಾಯ್ರೆ. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಒತ್ತಬೇಕು ಒಂದೂ ಗೊತ್ತಿಲ್ಲ. ಒಂದು ಕಥೆ ಓದಿಸಿದರೆ ಕಥೆ ಸಾಯುತ್ತೆ.

ಗೊರಬಲು ಅಣ್ಣ, ಗೂಗಲ್‌ನ ಮೊಬೈಲ್ ದನಿ ನೇರವಾಗಿ ಎನ್‌ವಿಡಿಎ ಒಳಗೆ ಬರುವುದಿಲ್ಲ, ಅದು ಆಂಡ್ರಾಯ್ಡಿನದ್ದು. ಆದರೆ ಎಡ್ಜ್ ಬ್ರೌಸರಿನಲ್ಲಿ ಸಪ್ನಾ, ಗಗನ್ ಅಂತ ಎರಡು ಕನ್ನಡ ದನಿ ಇವೆ. ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒತ್ತಿದರೆ ಗಟ್ಟಿಯಾಗಿ ಓದಲು ಶುರು ಮಾಡುತ್ತೆ. ವಾಯ್ಸ್ ಆಯ್ಕೆಯಲ್ಲಿ ಕನ್ನಡ ಇಟ್ಟುಕೊಳ್ಳಿ. ಆಕಾಶವಾಣಿ ವಾರ್ತೆ ಕೇಳಿದ ಹಾಗಿರುತ್ತೆ. ನಾನು ಪರೀಕ್ಷೆ ನೋಟ್ಸ್ ಎಲ್ಲ ಸಪ್ನಾ ಕೈಯಲ್ಲೇ ಓದಿಸುವುದು.

ಸಾಗರದಕ್ಕ

ತಮ್ಮಾ, ಸಪ್ನಾ ಚಂದ ಓದುತ್ತಾಳೆ, ಒಪ್ಪಿದೆ. ಆದರೆ ಅವಳು ಓದುವುದು ಇಂಟರ್ನೆಟ್ ಇದ್ದರೆ ಮಾತ್ರ, ಅದೂ ಬ್ರೌಸರಿನ ಪುಟ ಮಾತ್ರ. ಆಗಸ್ಟ್ ತಿಂಗಳಲ್ಲಿ ಹೊಸನಗರದ ಒಳಗಿನ ಹಳ್ಳಿಯಲ್ಲಿ ಟವರ್ ನಿಲ್ಲುತ್ತಾ ನೀನೇ ಹೇಳು. ಮೆನು ಓದಲು, ಎಕ್ಸೆಲ್ ಕೋಶದಿಂದ ಕೋಶಕ್ಕೆ ಹೋಗಲು, ಟೈಪ್ ಮಾಡಿದ ಅಕ್ಷರ ಕೇಳಲು ಅವಳು ಬರುವುದಿಲ್ಲ. ಕಥೆ ಕೇಳುವುದು ಬೇರೆ, ಕೆಲಸ ಮಾಡುವುದು ಬೇರೆ. ಬಾಣ ಒತ್ತಿದ ತಕ್ಷಣ ಉತ್ತರ ಬರಬೇಕು. ಇ-ಸ್ಪೀಕ್ ಆ ವಿಷಯದಲ್ಲಿ ಬೆರಳಿನ ಹಿಂದೆಯೇ ಇರುತ್ತೆ, ಒನ್‌ಕೋರ್ ಕೂಡ ನನ್ನ ಲ್ಯಾಪ್‌ಟಾಪಿನಲ್ಲಿ ಚೂರು ತಡ ಮಾಡುತ್ತೆ.

ಮತ್ತೆ ಒಂದು ಮಾತು, ಯಾರೂ ನಗಬೇಡಿ. ನಮ್ಮನೆಯ ಅಂಗಳದ ಮಾಡಿಗೆ ತಗಡು ಹಾಕಿದೆ. ಜಡಿಮಳೆ ಹೊಡೆಯುವಾಗ ಆ ಮೃದು ದನಿ ಎಲ್ಲ ಮಳೆಯಲ್ಲಿ ಕರಗಿಹೋಗುತ್ತೆ, ಎಷ್ಟು ವಾಲ್ಯೂಮ್ ಕೊಟ್ಟರೂ ಗುಂಯ್ ಅನ್ನುತ್ತೆ. ಇ-ಸ್ಪೀಕ್‌ನ ಪಿಚ್ ಸ್ವಲ್ಪ ಏರಿಸಿ ಇಟ್ಟರೆ ಮಳೆ ಸೀಳಿಕೊಂಡು ಕೇಳುತ್ತೆ. ತಗಡಿನ ಸದ್ದಿಗೆ ತಗಡಿನ ದನಿಯೇ ಸರಿ.

ಹಳೇ ಕಿವಿ (ವಿನೋಬನಗರ, ಶಿವಮೊಗ್ಗ)

ಇಬ್ಬರ ಜಗಳ ಓದಿಸಿಕೊಂಡು ಕೂತು ನಗು ಬಂತು. ಬ್ಯಾಂಕಿನಲ್ಲಿದ್ದು ನಿವೃತ್ತನಾದವನು ನಾನು. ತಗಡಿನ ದನಿ ಅನ್ನುತ್ತೀರಲ್ಲ, ನಾನು ಬೆಂಗಳೂರಿಗೆ ತರಬೇತಿಗೆ ಹೋದಾಗ ದನಿ ಅನ್ನುವುದು ನಿಜವಾಗಲೂ ಒಂದು ತಗಡಿನ ಡಬ್ಬವೇ ಆಗಿತ್ತು. ಪುಸ್ತಕದಷ್ಟು ದಪ್ಪದ ಪೆಟ್ಟಿಗೆ, ಹಿಂದೆ ಸೀರಿಯಲ್ ಕೇಬಲ್, ಅದನ್ನು ಕಂಪ್ಯೂಟರಿನ ಕಾಮ್ ಪೋರ್ಟಿಗೆ ಸಿಕ್ಕಿಸಿ ಎರಡೂ ಬದಿ ಸ್ಕ್ರೂ ತಿರುಗಿಸಬೇಕು. ಡಾಸ್‌ನಲ್ಲಿ ಸ್ಕ್ರೀನ್ ರೀಡರಿಗೆ ಯಾವ ಪೋರ್ಟು, ವೇಗ ಎಷ್ಟು, 9600ಆ ಅಥವಾ ಬೇರೆಯಾ ಅಂತ ಕೈಯಾರೆ ಹೇಳಬೇಕು. ಎರಡೂ ಕಡೆ ಒಂದೇ ವೇಗ ಇಲ್ಲದಿದ್ದರೆ ಮೌನ, ಇಲ್ಲವೇ ಕೆಮ್ಮಿದ ಹಾಗೆ ಶಬ್ದ. ಕಾಮ್ 1ರಲ್ಲಿ ಮೌಸ್ ಇದ್ದು ಕಾಮ್ 3ಕ್ಕೆ ಪೆಟ್ಟಿಗೆ ಹಾಕಿದರೆ ಎರಡೂ ಕಂಪ್ಯೂಟರನ್ನು ಕರೆಯುವ ಒಂದೇ ದಾರಿಗೆ, ಅಂದರೆ ಒಂದೇ ಇಂಟರಪ್ಟಿಗೆ, ಜಗಳ ಆಡಿ ಒಂದು ಸಾಯುತ್ತಿತ್ತು. ಕನ್ನಡದ ಮಾತೇ ಇಲ್ಲ ಬಿಡಿ, ಅಮೆರಿಕದವನ ಇಂಗ್ಲಿಷಿನಲ್ಲಿ ನಮ್ಮ ಗ್ರಾಹಕರ ಹೆಸರು ಕೇಳಿ ಊಹಿಸಿಕೊಳ್ಳಬೇಕು.

ಆ ಕಾಲದ ದೊಡ್ಡ ಹೆಸರು ಡೆಕ್‌ಟಾಕ್. 1984ರಲ್ಲಿ ಬಂದದ್ದು. ಅದರ ಹಿಂದೆ ಇದ್ದವರು ಎಂಐಟಿಯ ಡೆನಿಸ್ ಕ್ಲಾಟ್. ಸ್ಟೀಫನ್ ಹಾಕಿಂಗ್ ಅವರ ಆ ಪ್ರಸಿದ್ಧ ದನಿಯ ಬೇರೂ ಕ್ಲಾಟ್ ಅವರ ಕೆಲಸದಲ್ಲೇ ಇದೆ. ನಿಮ್ಮ ಇ-ಸ್ಪೀಕ್ ವೇರಿಯಂಟ್ ಪಟ್ಟಿಯಲ್ಲಿ ಕ್ಲಾಟ್ ಅಂತ ಕೆಲವು ಸಿಗುತ್ತವೆ ನೋಡಿ, ಅದು ಅವರದ್ದೇ ಹೆಸರು. ಮನುಷ್ಯರ ದನಿ ರೆಕಾರ್ಡ್ ಮಾಡಿ ಕತ್ತರಿಸಿ ಅಂಟಿಸಿದ್ದಲ್ಲ ಇವು. ಗಂಟಲಿನಲ್ಲಿ ಶಬ್ದ ಹೇಗೆ ಹುಟ್ಟುತ್ತೆ, ಬಾಯಿ ಹೇಗೆ ಅದನ್ನು ತಿದ್ದುತ್ತೆ ಅನ್ನುವುದನ್ನು ಲೆಕ್ಕದಲ್ಲೇ ಮಾಡಿ ತೆಗೆಯುವ ಶಬ್ದ. ಅದಕ್ಕೇ ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಭಾಷೆ ಹಿಡಿಯುತ್ತೆ, ಎಷ್ಟು ವೇಗಕ್ಕೆ ಏರಿಸಿದರೂ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತೆ. ಇ-ಸ್ಪೀಕ್ ನಿಮಿಷಕ್ಕೆ 450 ಪದದವರೆಗೆ ಹೋಗುತ್ತೆ, ರೇಟ್ ಬೂಸ್ಟ್ ಅನ್ನುವ ಟಿಕ್ ಹಾಕಿದರೆ ಅದಕ್ಕೂ ಮೇಲೆ. ನನ್ನ ಹೆಂಡತಿ ಪಕ್ಕದಲ್ಲಿ ಕೂತರೆ, ಇದೆಂತ ಜೀರುಂಡೆ ಕೂಗಿದ ಹಾಗೆ ಅನ್ನುತ್ತಾಳೆ. ನನಗೆ ಪೇಪರು ಓದಿದ ಹಾಗೆ.

ಗೊರಬಲು, ನೀವು ಬ್ಲೂಟೂತ್ ಇಯರ್‌ಫೋನ್ ಬಳಸುತ್ತೀರಾ? ಬಳಸಿದರೆ ಎಚ್ಚರ. ಸ್ವಲ್ಪ ಹೊತ್ತು ಶಬ್ದ ಇಲ್ಲದಿದ್ದರೆ ಅದು ನಿದ್ದೆ ಹೋಗುತ್ತೆ. ಮತ್ತೆ ಮಾತು ಬಂದಾಗ ಏಳುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತೆ. ಶಿವಮೊಗ್ಗ ವಮೊಗ್ಗ ಆದರೆ ಪರವಾಗಿಲ್ಲ. ನನಗೆ ಒಮ್ಮೆ ಒಂದು ಪತ್ರದಲ್ಲಿ ಅಸಾಧ್ಯ ಅನ್ನುವುದು ಸಾಧ್ಯ ಅಂತ ಕೇಳಿ, ನಾನು ಖುಷಿಯಿಂದ ಎರಡು ದಿನ ಊರೆಲ್ಲ ಹೇಳಿಕೊಂಡು ಬಂದೆ. ಕನ್ನಡದಲ್ಲಿ ಇಲ್ಲ ಅನ್ನುವುದನ್ನು ಪದದ ಮುಂದೆಯೇ ಅಂಟಿಸುವ ಅಭ್ಯಾಸ ಇದೆಯಲ್ಲ, ಅದೇ ಮೊದಲು ಹೋಗುವುದು. ಈಗಿನ ಎನ್‌ವಿಡಿಎಯ ಆಡಿಯೋ ಸೆಟ್ಟಿಂಗಿನಲ್ಲಿ ಮಾತು ಮುಗಿದ ಮೇಲೆ ಎಷ್ಟು ಸೆಕೆಂಡ್ ಶಬ್ದದ ದಾರಿ ಎಚ್ಚರವಾಗಿರಬೇಕು ಅಂತ ಹೇಳುವ ಜಾಗ ಇದೆ. ಅದನ್ನು ಏರಿಸಿ. ಇಲ್ಲ ಅಂದರೆ ಸುಮ್ನೆ ತಂತಿಯದ್ದು ತಗೊಳ್ಳಿ.

ಗೊರಬಲು

ಎಲ್ಲರಿಗೂ ಧನ್ಯವಾದ. ಸಾಗರದಕ್ಕ ಹೇಳಿದ ಹಾಗೆಯೇ ಮಾಡಿದೆ. ಮೊದಲು ಉಳಿಸಿದೆ, ಆಮೇಲೆ ಮುಟ್ಟಿದೆ. ಧಾರಣೆ ಪುಟ ಈಗ ಪೂರ್ತಿ ಓದುತ್ತೆ. ಗೊರಬಲು ಅಂತ ಅದರ ಬಾಯಲ್ಲಿ ಕೇಳಿ ಅಮ್ಮನೂ ನಕ್ಕಳು. ಅಂಕಿಯನ್ನೂ ಕನ್ನಡದಲ್ಲೇ ಹೇಳುತ್ತೆ, ಅದಕ್ಕೆ ಕಿವಿ ಇನ್ನೂ ಒಗ್ಗಿಲ್ಲ. ಮಂಡಿಯಲ್ಲಿ ನಾವು ಬೆಲೆ ಹೇಳುವುದೇ ಬೇರೆ ಧಾಟಿಯಲ್ಲಿ.

ಆದರೆ ಸೊಸೈಟಿಯ ಫೈಲ್ ತೆರೆದರೆ ಹೊಸ ಅವತಾರ. ವರ್ಡ್ ಫೈಲ್ ಅದು, ಕನ್ನಡದಲ್ಲೇ ಟೈಪ್ ಮಾಡಿದ್ದು ಅಂತ ಎಲ್ಲರೂ ಹೇಳುತ್ತಾರೆ. ಪಕ್ಕದ ಮನೆ ಹುಡುಗ ಕೂಡ ನೋಡಿ ಶುದ್ಧ ಕನ್ನಡ ಮಾವ ಅಂದ. ಎನ್‌ವಿಡಿಎ ಮಾತ್ರ ಏನೇನೋ ಗೊಣಗುತ್ತೆ. ಕನ್ನಡ ಅನ್ನುವ ಪದದ ಮೇಲೆ ಬಾಣ ಇಟ್ಟು ಒಂದೊಂದೇ ಅಕ್ಷರ ಸರಿಸಿ ಕೇಳಿದೆ. ಪಿ ಅಂತು, ಆಮೇಲೆ ಎ ಗ್ರೇವ್ ಅಂತೇನೋ ಅಂತು, ಆಮೇಲೆ ಪೌಂಡ್! ಇಲ್ಲಿ ಪೌಂಡ್ ಎಲ್ಲಿಂದ ಬಂತು? ನನ್ನ ಸೆಟ್ಟಿಂಗ್ ಮತ್ತೆ ಕೆಟ್ಟಿತಾ?

ಹಳೇ ಕಿವಿ

ಕೆಟ್ಟಿಲ್ಲ. ಅದು ನುಡಿ, ಕನ್ನಡ ಟೈಪ್ ಮಾಡುವ ತಂತ್ರಾಂಶ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್. ಕಣ್ಣಿರುವವರಿಗೆ ಅದು ಕನ್ನಡ, ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರ. ಪಿ ಅನ್ನುವ ಅಕ್ಷರಕ್ಕೆ ಕ ಅನ್ನುವ ಚಿತ್ರದ ಮೊದಲ ತುಂಡು ಅಂಟಿಸಿರುತ್ತಾರೆ, ಎ ಗ್ರೇವ್ ಅಂದರೆ ಅದರ ತಲೆಕಟ್ಟು, ಪೌಂಡ್ ಗುರುತಿಗೆ ನ ಅಂಟಿಸಿರುತ್ತಾರೆ. ಫಾಂಟ್ ಅನ್ನುವ ವೇಷ ಕಳಚಿದರೆ ಒಳಗೆ ಪಿ, ಎ, ಪೌಂಡ್ ಅಷ್ಟೇ. ಸಿಂಥಸೈಜರಿಗೆ ಫಾಂಟ್ ಕಾಣುವುದಿಲ್ಲ, ಅದಕ್ಕೆ ಹೋಗುವುದು ಒಳಗಿನ ಅಕ್ಷರ ಮಾತ್ರ. ಸಪ್ನಾ ಬಂದರೂ, ಗಗನ್ ಬಂದರೂ, ಸಾವಿರಾರು ರೂಪಾಯಿಯ ದನಿ ತಂದರೂ ಪೌಂಡ್ ಅಂತಲೇ ಓದುವುದು. ಯಾವ ಸೆಟ್ಟಿಂಗೂ ಇದಕ್ಕೆ ಮದ್ದಲ್ಲ.

ಮದ್ದು ಯುನಿಕೋಡ್‌ಗೆ ಬದಲಿಸುವುದು, ಅಂದರೆ ಯಂತ್ರಕ್ಕೂ ಕ ಅನ್ನುವುದು ಕ ಅಂತಲೇ ಗೊತ್ತಾಗುವ ಕ್ರಮಕ್ಕೆ. ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ, ಬರಹ ಅನ್ನುವ ತಂತ್ರಾಂಶದಲ್ಲೂ ಇದೆ. ಹಾಕಿ ಬದಲಿಸಿ ಓದಿಸಿ. ಒಂದು ಎಚ್ಚರ: ಫೈಲಿನಲ್ಲಿ ನಡುನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ನುಡಿ ಅಂದುಕೊಂಡು ಕನ್ನಡ ಮಾಡಿ ಹಾಳು ಮಾಡುತ್ತೆ. ಅರ್ಕಾವತ್ತು ಇರುವ ಕಡೆಯೂ ಒಮ್ಮೆ ಕಿವಿ ಕೊಟ್ಟು ಕೇಳಿ. ಲೆಕ್ಕದ ಫೈಲ್ ಆದ್ದರಿಂದ ಮೂಲದ ಮೇಲೆ ಉಳಿಸಬೇಡಿ, ಪ್ರತಿ ಮಾಡಿಕೊಳ್ಳಿ.

ಮತ್ತೆ ಮುಂದಕ್ಕೆ, ಸೊಸೈಟಿಯಲ್ಲಿ ಟೈಪ್ ಮಾಡುವವರಿಗೇ ಯುನಿಕೋಡ್‌ನಲ್ಲಿ ಮಾಡಿ ಅಂತ ಹೇಳಿಬಿಡಿ. ಈಗಿನ ನುಡಿಯಲ್ಲೇ ಅದೇ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯಲ್ಲಿ ಯುನಿಕೋಡ್ ಬರುತ್ತೆ, ಬೆರಳಿನ ಅಭ್ಯಾಸ ಬದಲಿಸಬೇಕಾಗಿಲ್ಲ. ಇಷ್ಟು ವರ್ಷ ಆದ ಮೇಲೂ ಇದನ್ನು ಹೇಳಬೇಕಲ್ಲ ಅಂತ ನನಗೆ ಸಿಟ್ಟು ಬರುತ್ತೆ, ಇರಲಿ.

ಪೆಂಗ್ವಿನ್ (ಕೊಪ್ಪ)

ಯಾರೂ ಕೇಳಲಿಲ್ಲ, ಆದರೂ ಲಿನಕ್ಸ್ ಬಗ್ಗೆ ಎರಡು ಮಾತು. ಅಲ್ಲಿ ಸ್ಕ್ರೀನ್ ರೀಡರ್ ಆರ್ಕಾ. ಅದು ನೇರವಾಗಿ ಸಿಂಥಸೈಜರ್ ಜೊತೆ ಮಾತಾಡುವುದಿಲ್ಲ, ನಡುವೆ ಸ್ಪೀಚ್ ಡಿಸ್ಪ್ಯಾಚರ್ ಅಂತ ಒಬ್ಬ ದಲ್ಲಾಳಿ ಇರುತ್ತಾನೆ. ಮೌನ ಆದರೆ ಮೊದಲು ದಲ್ಲಾಳಿಯನ್ನು ವಿಚಾರಿಸಬೇಕು, ಆಮೇಲೆ ಆರ್ಕಾವನ್ನು. ಅಲ್ಲೂ ಕನ್ನಡ ಓದುವವನು ಇದೇ ಇ-ಸ್ಪೀಕ್ ಎನ್‌ಜಿ. ಹಿಂದೆ ಧ್ವನಿ ಅಂತ ಒಂದು ಇತ್ತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ರಮೇಶ್ ಹರಿಹರನ್ ಅವರು ಸಿಂಪ್ಯೂಟರ್ ಅನ್ನುವ ಅಗ್ಗದ ಕೈಗಣಕದ ಕಾಲದಲ್ಲಿ ಶುರು ಮಾಡಿದ್ದು, ಕನ್ನಡವನ್ನೂ ಓದುತ್ತಿತ್ತು. ನಾನು ಹಾಕಿ ನೋಡಿದ್ದೆ. ನಮ್ಮ ಉಚ್ಚಾರಣೆಗೆ ಹತ್ತಿರ ಇತ್ತು ಅಂತ ನನ್ನ ನೆನಪು.

ತುಂಗೆ ದಂಡೆಯವರಿಗೆ ಒಂದು ಸುಳಿವು. ಎನ್‌ವಿಡಿಎಗೆ ವರ್ಲ್ಡ್‌ವಾಯ್ಸ್ ಅಂತ ಆಡ್ಆನ್, ಅಂದರೆ ಮೇಲಿಂದ ಸೇರಿಸುವ ತುಣುಕು, ಇದೆ. ಅದು ಪುಟದ ಗುರುತು ನಂಬದೆ ಅಕ್ಷರ ನೋಡಿಯೇ ಭಾಷೆ ಗುರುತಿಸಿ ಒಂದೊಂದು ಭಾಷೆಗೆ ಒಂದೊಂದು ದನಿ ಕೊಡುತ್ತೆ. ಇಂಗ್ಲಿಷ್‌ಗೆ ಹೀರಾ, ಕನ್ನಡಕ್ಕೆ ಇ-ಸ್ಪೀಕ್ ಅಂತ ಇಡಬಹುದು. ಒಂದೇ ವಾಕ್ಯದಲ್ಲಿ ಇಬ್ಬರು ಮಾತಾಡಿದ ಹಾಗಾಗುತ್ತೆ, ಕೆಲವರಿಗೆ ಹಿಡಿಸುತ್ತೆ, ನನಗೆ ತಲೆನೋವು.

ತುಂಗೆ ದಂಡೆ

ಅದನ್ನು ನೋಡುತ್ತೇನೆ ಅಣ್ಣ. ಅಕ್ಕನ ಮಳೆ ವಾದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ನಿನ್ನೆ ರಾತ್ರಿ ಕರೆಂಟ್ ಹೋಯ್ತು, ನೆಟ್ ಹೋಯ್ತು, ಸಪ್ನಾ ವಾಕ್ಯದ ಮಧ್ಯದಲ್ಲೇ ನಿಂತಳು. ಕೊನೆಗೆ ಇ-ಸ್ಪೀಕ್ ಹಾಕಿಕೊಂಡೇ ಉಳಿದದ್ದು ಓದಿದೆ.

ಗೊರಬಲು

ಬರಹ ಹಾಕಿ ಫೈಲ್ ಬದಲಿಸಿದೆ. ಓದುತ್ತೆ! ಎರಡು ವರ್ಷದಿಂದ ಈ ಫೈಲುಗಳನ್ನು ಇನ್ನೊಬ್ಬರಿಂದ ಓದಿಸಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ.

ಒಂದು ಸಣ್ಣ ಕಿರಿಕಿರಿ. ಫೈಲಿನಲ್ಲಿ ಕ್ವಿಂಟಾಲ್ ಅನ್ನುವುದಕ್ಕೆ ಕ್ವಿಂ. ಅಂತಲೂ, ತಾಲೂಕಿಗೆ ತಾ. ಅಂತಲೂ ಚುಟುಕಾಗಿ ಬರೆದಿರುತ್ತಾರೆ. ಎನ್‌ವಿಡಿಎಯ ಸ್ಪೀಚ್ ಡಿಕ್ಷನರಿಯಲ್ಲಿ, ಅಂದರೆ ಯಾವುದನ್ನು ಹೇಗೆ ಓದಬೇಕು ಅಂತ ಬರೆದಿಡುವ ಪಟ್ಟಿಯಲ್ಲಿ, ತಾ. ಬಂದರೆ ತಾಲೂಕು ಅಂತ ಓದು ಅಂತ ಹಾಕಿದೆ. ಈಗ ಬರುತ್ತಾ. ಅಂತ ವಾಕ್ಯ ಮುಗಿದರೆ ಬರುತ್ತಾಲೂಕು ಅನ್ನುತ್ತೆ. ಮಾಡುತ್ತಾಲೂಕು, ಹೋಗುತ್ತಾಲೂಕು. ಅಮ್ಮನಿಗೆ ದಿನವಿಡೀ ಇದೇ ತಮಾಷೆ.

ಸಾಗರದಕ್ಕ

ಅಯ್ಯೋ! ನೀವು ಹಾಕಿದ್ದು ಪದದ ಒಳಗೂ ಹುಡುಕುತ್ತೆ. ತ್ತಾ ಅನ್ನುವುದರ ಒಳಗೆ ತಾ ಇದೆಯಲ್ಲ, ಅದಕ್ಕೆ ಸಿಕ್ಕಿಹಾಕಿಕೊಂಡಿದೆ. ಡಿಕ್ಷನರಿಯಲ್ಲಿ ತಾ. ಅನ್ನುವುದರ ಮುಂದೆ ಒಂದು ಸ್ಪೇಸ್ ಕೊಟ್ಟು ಬರೆಯಿರಿ, ಬದಲಿ ಪದದ ಮುಂದೆಯೂ ಒಂದು ಸ್ಪೇಸ್ ಇರಲಿ. ನಾನು ಡಾ. ಗೆ ಹೀಗೇ ಮಾಡಿಕೊಂಡಿದ್ದೇನೆ. ಕ್ವಿಂ. ಹಾಗೇ ಇರಲಿ, ಅದು ಬೇರೆ ಪದದ ಬಾಲದಲ್ಲಿ ಬರುವುದಿಲ್ಲ.

ವೇಗ ಬದಲಿಸಲು ಪ್ರತಿ ಸಲ ಸೆಟ್ಟಿಂಗ್ ಒಳಗೆ ಹೋಗುವುದೂ ಬೇಡ. ಇನ್ಸರ್ಟ್, ಕಂಟ್ರೋಲ್ ಹಿಡಿದು ಎಡ ಬಲ ಬಾಣ ಒತ್ತಿದರೆ ರೇಟ್, ಪಿಚ್, ವಾಲ್ಯೂಮ್ ಅಂತ ಒಂದೊಂದೇ ಬರುತ್ತೆ. ಮೇಲೆ ಕೆಳಗೆ ಬಾಣದಲ್ಲಿ ಏರಿಸಿ ಇಳಿಸಿ. ಎನ್‌ವಿಡಿಎಯ ಕೀಲಿಮಣೆ ಸೆಟ್ಟಿಂಗಿನಲ್ಲಿ ಲ್ಯಾಪ್‌ಟಾಪ್ ಲೇಔಟ್ ಇಟ್ಟಿದ್ದರೆ ಜೊತೆಗೆ ಶಿಫ್ಟ್ ಕೂಡ ಹಿಡಿಯಬೇಕು. ಲೆಕ್ಕ ನೋಡುವಾಗ ನಿಧಾನ, ಪತ್ರಿಕೆ ಓದುವಾಗ ಜೋರು.

ಗೊರಬಲು

ಸ್ಪೇಸ್ ಕೊಟ್ಟೆ, ತಾಲೂಕು ತಾಲೂಕಿನಲ್ಲೇ ಉಳಿಯಿತು.

ಕೊನೆಯ ಪ್ರಶ್ನೆ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಪಾಸ್‌ವರ್ಡ್ ಕೇಳುವ ಜಾಗದಲ್ಲಿ ಹಳೇ ಇಂಗ್ಲಿಷ್ ದನಿ, ಆಮೆ ವೇಗ. ಒಳಗೆ ಹೋದ ಮೇಲೆ ನನ್ನದು ಬರುತ್ತೆ. ಅಲ್ಲಿಯೂ ನನ್ನದೇ ಬರಲು ಎಂತ ಮಾಡಬೇಕು?

ಸಾಗರದಕ್ಕ

ಆ ಪರದೆ ವಿಂಡೋಸ್‌ನ ಬೇರೆಯೇ ಕೋಣೆ, ನಿಮ್ಮ ಸೆಟ್ಟಿಂಗ್ ಅಲ್ಲಿಗೆ ತಾನಾಗಿ ಹೋಗುವುದಿಲ್ಲ. ಇನ್ಸರ್ಟ್ ಎನ್, ಪ್ರಿಫರೆನ್ಸಸ್, ಸೆಟ್ಟಿಂಗ್ಸ್, ಜನರಲ್. ಟ್ಯಾಬ್ ಒತ್ತುತ್ತಾ ಕೊನೆಗೆ ಬಂದರೆ, ಈಗ ಉಳಿಸಿರುವ ಸೆಟ್ಟಿಂಗನ್ನು ಸೈನ್ ಇನ್ ಪರದೆಗೂ ಬಳಸು ಅನ್ನುವ ಅರ್ಥದ ಬಟನ್ ಇದೆ. ಒತ್ತಿದರೆ ವಿಂಡೋಸ್ ಒಪ್ಪಿಗೆ ಕೇಳುತ್ತೆ, ಯೆಸ್ ಕೊಡಿ. ಆಡ್ಆನ್ ಇದ್ದರೆ ಅವೂ ಅಲ್ಲಿಗೆ ಹೋಗುತ್ತವೆ, ಆದ್ದರಿಂದ ಗೊತ್ತಿಲ್ಲದ ಆಡ್ಆನ್ ಹಾಕಿಕೊಂಡು ಇದನ್ನು ಒತ್ತಬೇಡಿ. ಮೊದಲು ಇನ್ಸರ್ಟ್, ಕಂಟ್ರೋಲ್, ಸಿ ಮರೆಯಬೇಡಿ.

ಗೊರಬಲು

ಆಯ್ತು ಅಕ್ಕ, ಅದೂ ಬಂತು. ಹಳೇ ಕಿವಿ ಸರ್ ಮಾತು ಕೇಳಿ ತಂತಿಯ ಇಯರ್‌ಫೋನ್ ತರಿಸಿದೆ. ಮೊದಲ ಅಕ್ಷರ ಸರಿಯಾಗಿ ಕೇಳುತ್ತೆ. ಬೆಕ್ಕು ಆಗಲೇ ಒಂದು ಸಲ ಎಳೆದು ನೋಡಿದೆ.